ಹೊರದೇಶದವರ ಜೊತೆ ವ್ಯಾಪಾರ, ಕೆಲಸ: ಅವರ ರೀತಿನೀತಿ ತಿಳಿದುಕೊಳ್ಳುವುದು ಹೇಗೆ?

ಹೊರದೇಶದ ಕ್ಲೈಂಟ್ ಸಿಕ್ಕ ತಕ್ಷಣ ನಮ್ಮ ಕಂಪನಿಗಳಲ್ಲಿ ಒಂದು ಟ್ರೇನಿಂಗ್ ಇಡುತ್ತಾರೆ. ಜಪಾನಿನವರ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಅರಬ್ ದೇಶಗಳಲ್ಲಿ ಎಡಗೈಯಲ್ಲಿ ಏನನ್ನೂ ಕೊಡಬೇಡಿ, ಜರ್ಮನಿಯವರ ಮೀಟಿಂಗ್‌ಗೆ ಐದು ನಿಮಿಷ ಮೊದಲೇ ಹೋಗಿ ಕೂತಿರಿ. ಇದೆಲ್ಲ ಗೊತ್ತಿದ್ದರೆ ಒಳ್ಳೆಯದೇ, ಅರ್ಧ ದಿನದಲ್ಲಿ ಕಲಿಯಬಹುದು. ಆದರೆ ಇಂಥದ್ದರಲ್ಲಿ ತಪ್ಪಿದರೆ ಯಾರೂ ವ್ಯಾಪಾರ ಮುರಿದುಕೊಳ್ಳುವುದಿಲ್ಲ. ಪಾಪ, ಹೊರಗಿನವರು, ಗೊತ್ತಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಕೆಲಸ ಕೆಡುವುದು ಬೇರೆ ಕಡೆ. ಆ ಊರಿನ ಗಿರಾಕಿ ಬೆಳಿಗ್ಗೆ ಎದ್ದು ಏನು ತಿನ್ನುತ್ತಾನೆ, ದುಡ್ಡು ಕೊಡುವ ಮೊದಲು ಏನನ್ನು ನಂಬುತ್ತಾನೆ, ಆಫೀಸಿನಲ್ಲಿ ತೀರ್ಮಾನ ನಿಜವಾಗಿ ಎಲ್ಲಿ ಆಗುತ್ತದೆ, ಆಗಲ್ಲ ಅನ್ನುವುದನ್ನು ಜನ ಹೇಗೆ ತಿಳಿಸುತ್ತಾರೆ ಅನ್ನುವ ಕಡೆ. ಇದನ್ನು ಯಾವ ಟ್ರೇನಿಂಗ್ ಸ್ಲೈಡೂ ಪೂರ್ತಿ ಹೇಳಿಕೊಡುವುದಿಲ್ಲ, ನೀವೇ ಹುಡುಕಿಕೊಳ್ಳಬೇಕು. ಹೇಗೆ ಹುಡುಕಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಕೂತು ಹೊರಗಿನ ಟೀಮ್ ಜೊತೆ ಕೆಲಸ ಮಾಡುವವರಿಗೂ, ಮೈಸೂರಿನ ಅಗರಬತ್ತಿಯನ್ನೋ ಕೊಡಗಿನ ಕಾಫಿಯನ್ನೋ ಹಡಗು ಹತ್ತಿಸುವವರಿಗೂ ಇದು ಕೆಲಸಕ್ಕೆ ಬರಬೇಕು.

ಜರ್ಮನಿಯಲ್ಲಿ ವಾಲ್‌ಮಾರ್ಟ್‌ಗೆ ಆಗಿದ್ದು

ಈ ಒಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮಾರಾಟದ ಪಾಠವೂ ಮ್ಯಾನೇಜ್‌ಮೆಂಟ್ ಪಾಠವೂ ಎರಡೂ ಇದರಲ್ಲೇ ಇವೆ. ಅಮೆರಿಕದ ದೊಡ್ಡ ಅಂಗಡಿ ಸರಪಳಿ ವಾಲ್‌ಮಾರ್ಟ್ 1997ರ ಕೊನೆಗೆ ಜರ್ಮನಿಯ ವೆರ್ಟ್‌ಕೌಫ್ ಕಂಪನಿಯ 21 ಅಂಗಡಿಗಳನ್ನು ಕೊಂಡಿತು. ಮರುವರ್ಷ ಇಂಟರ್‌ಸ್ಪಾರ್‌ನ 74 ಅಂಗಡಿಗಳನ್ನೂ ತೆಗೆದುಕೊಂಡಿತು. ಅಷ್ಟು ದೊಡ್ಡ ಕಂಪನಿ, ದುಡ್ಡಿಗೆ ಕೊರತೆ ಇಲ್ಲ. ಆದರೂ 2006ರಲ್ಲಿ 85 ಅಂಗಡಿಗಳನ್ನು ಅಲ್ಲಿನದೇ ಅಂಗಡಿ ಕಂಪನಿ ಮೆಟ್ರೋಗೆ ಮಾರಿ, ಸುಮಾರು 100 ಕೋಟಿ ಡಾಲರ್ ನಷ್ಟ ಹೊತ್ತು ಗಂಟುಮೂಟೆ ಕಟ್ಟಿತು.

ಅಮೆರಿಕದಲ್ಲಿ ಗೆದ್ದ ಪದ್ಧತಿಯನ್ನೇ ಅವರು ಅಲ್ಲಿಗೂ ಒಯ್ದಿದ್ದರು. ಬಾಗಿಲಲ್ಲಿ ನಿಂತು ಸ್ವಾಗತ ಹೇಳುವವರು, ಗಿರಾಕಿಯನ್ನು ನೋಡಿ ನಗಬೇಕು ಅನ್ನುವ ನಿಯಮ, ಬಿಲ್ ಆದ ಮೇಲೆ ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರು. ಈಗ ಅದೇ ಜರ್ಮನಿಯಲ್ಲಿ ಕಡಿಮೆ ಬೆಲೆಗೆ ಹೆಸರಾದ ಆಲ್ಡಿ ಅಂಗಡಿಯ ಕ್ಯಾಶ್ ಕೌಂಟರ್ ನೋಡಿ. ಕ್ಯಾಷಿಯರ್ ಕುರ್ಚಿಯಲ್ಲಿ ಕೂತಿರುತ್ತಾರೆ. ಬೆಲ್ಟ್ ಮೇಲೆ ಬಂದ ಸಾಮಾನನ್ನು ಸ್ಕ್ಯಾನ್ ಮಾಡಿ ಆ ಕಡೆ ತಳ್ಳುವ ವೇಗಕ್ಕೆ ಹೊಸಬರ ಕೈ ಸೋತುಹೋಗುತ್ತದೆ. ಗಿರಾಕಿ ತಾನೇ ಎಲ್ಲವನ್ನೂ ಟ್ರಾಲಿಗೆ ಹಾಕಿಕೊಂಡು, ದುಡ್ಡು ಕೊಟ್ಟು, ಪಕ್ಕಕ್ಕೆ ಸರಿದು, ಮನೆಯಿಂದ ತಂದ ಚೀಲಕ್ಕೆ ತುಂಬಿಕೊಳ್ಳುತ್ತಾನೆ. ಬರುವಾಗ ಒಂದು ನಮಸ್ಕಾರ, ಹೋಗುವಾಗ ಒಂದು ಥ್ಯಾಂಕ್ಸ್, ಮಾತು ಅಷ್ಟೇ. ಇದನ್ನು ಅಲ್ಲಿ ಯಾರೂ ಒರಟುತನ ಅಂದುಕೊಳ್ಳುವುದಿಲ್ಲ. ಬೇಗ ಬಿಟ್ಟುಕಳಿಸುವುದು, ಬೆಲೆ ಕಡಿಮೆ ಇಡುವುದು, ಇವೇ ಅಲ್ಲಿ ಗಿರಾಕಿಗೆ ಕೊಡುವ ಮರ್ಯಾದೆ. ಅಂಥವನ ಸಾಮಾನನ್ನು ಗೊತ್ತಿಲ್ಲದವನೊಬ್ಬ ಮುಟ್ಟಿ ಚೀಲಕ್ಕೆ ಹಾಕಲು ಬಂದರೆ ಖುಷಿಯಾಗುತ್ತದಾ? ಮುಜುಗರ ಆಗುತ್ತದೆ.

ಒಳಗಿನ ವಿಷಯ ಇನ್ನೂ ಗಂಭೀರ. ಜರ್ಮನ್ ಶಾಖೆಗೆ ಮೊದಲು ಬಂದ ಮುಖ್ಯಸ್ಥ ಅಮೆರಿಕದವರು, ಅವರಿಗೆ ಜರ್ಮನ್ ಬರುತ್ತಿರಲಿಲ್ಲ. ಮ್ಯಾನೇಜರ್‌ಗಳ ಕೆಲಸದ ಭಾಷೆ ಇಂಗ್ಲಿಷ್ ಆಯಿತು. ಹೀಗೆ ಮಾಡಿದಾಗ ಎಲ್ಲಿಯಾದರೂ ಆಗುವುದು ಒಂದೇ: ಇಪ್ಪತ್ತು ವರ್ಷ ಅಂಗಡಿ ನಡೆಸಿದವರ ಮಾತಿಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುವವರ ಮಾತು ಮೇಲಾಗುತ್ತದೆ. ಆಮೇಲೆ 2005ರಲ್ಲಿ ನೌಕರರ ನಡವಳಿಕೆಯ ನಿಯಮ ಅಂತ ಒಂದು ಹೊರಬಂತು. ಸಹೋದ್ಯೋಗಿಗಳ ನಡುವಿನ ಪ್ರೇಮ ಸಂಬಂಧಕ್ಕೆ ಕಡಿವಾಣ, ಜೊತೆಗೆ ಕೆಲಸ ಮಾಡುವವರು ನಿಯಮ ಮುರಿದರೆ ಫೋನ್ ಮಾಡಿ ತಿಳಿಸಲು ಒಂದು ಹಾಟ್‌ಲೈನ್. ಆದರೆ ಜರ್ಮನಿಯಲ್ಲಿ ನೌಕರರೇ ಆರಿಸಿದ ಸಮಿತಿ ಇರುತ್ತದೆ, ಇಂಥ ನಿಯಮ ತರುವ ಮೊದಲು ಅದನ್ನು ಕೇಳಲೇಬೇಕು ಅಂತ ಕಾನೂನಿದೆ. ವಿಷಯ ವುಪ್ಪರ್ಟಾಲ್‌ನ ಕಾರ್ಮಿಕ ಕೋರ್ಟಿಗೆ ಹೋಯಿತು, ಕಂಪನಿ ಸೋತಿತು.

ಹಾಗಂತ ಎಲ್ಲ ಸೋಲಿಗೂ ನಗುವೇ ಕಾರಣ ಅಂತ ಹೇಳಿದರೆ ಅದು ಅರ್ಧ ಸತ್ಯ. ಆಲ್ಡಿ, ಲಿಡ್ಲ್ ಅಂಗಡಿಗಳ ಬೆಲೆ ಮೊದಲೇ ತಳದಲ್ಲಿತ್ತು. ಭಾನುವಾರ ಅಂಗಡಿ ತೆಗೆಯುವ ಹಾಗಿರಲಿಲ್ಲ. ಹಾಲು, ಬೆಣ್ಣೆಯಂಥ ದಿನಬಳಕೆಯ ವಸ್ತುಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಡಿ ಅಂತ 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ ವಾಲ್‌ಮಾರ್ಟ್ ಜೊತೆಗೆ ಆಲ್ಡಿ, ಲಿಡ್ಲ್‌ಗೂ ತಾಕೀತು ಮಾಡಿತ್ತು. ಕಾನೂನು, ಬೆಲೆ, ಜನರ ಅಭ್ಯಾಸ ಮೂರೂ ಸೇರಿಕೊಂಡವು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಅದೇ ಆಲ್ಡಿ 1976ರಿಂದ ಅಮೆರಿಕದಲ್ಲಿದೆ. ಅಲ್ಲೂ ಕ್ಯಾಷಿಯರ್ ಕೂತೇ ಇರುತ್ತಾರೆ, ಟ್ರಾಲಿ ಬಿಡಿಸಿಕೊಳ್ಳಲು ನಾಣ್ಯ ಹಾಕಬೇಕು, ಚೀಲಕ್ಕೆ ನೀವೇ ತುಂಬಿಕೊಳ್ಳಬೇಕು. ಅಮೆರಿಕದವರ ಅಭ್ಯಾಸಕ್ಕೆ ಪೂರಾ ಉಲ್ಟಾ. ಆದರೂ ಇವತ್ತು ಅಲ್ಲಿ ಅದರ 2,000ಕ್ಕೂ ಹೆಚ್ಚು ಅಂಗಡಿಗಳಿವೆ. ಯಾಕೆ ಅಂದರೆ ಈ ವಿಚಿತ್ರದಿಂದ ಉಳಿದ ದುಡ್ಡು ಗಿರಾಕಿಯ ಜೇಬಿಗೇ ಹೋಗುತ್ತದೆ, ಅದು ಅವನಿಗೆ ಬಿಲ್‌ನಲ್ಲಿ ಕಾಣಿಸುತ್ತದೆ. ಹಾಗಾಗಿ ಹೊರಗೆ ಹೋದಾಗ ನಿಮ್ಮ ಪದ್ಧತಿ ಎಲ್ಲವನ್ನೂ ಬಿಟ್ಟುಬಿಡಬೇಕು ಅಂತೇನಿಲ್ಲ. ಒಂದೊಂದೇ ಪದ್ಧತಿಯನ್ನು ಹಾಳೆಯ ಮೇಲೆ ಬರೆದು, ಇದರಿಂದ ಅಲ್ಲಿನ ಗಿರಾಕಿಗೆ ಏನು ಸಿಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಉತ್ತರ ಇದ್ದರೆ ಇಟ್ಟುಕೊಳ್ಳಿ. "ನಮ್ಮಲ್ಲಿ ಹೀಗೇ ಮಾಡೋದು" ಅನ್ನುವುದು ಬಿಟ್ಟು ಬೇರೆ ಉತ್ತರ ಸಿಗದಿದ್ದರೆ ಅದನ್ನು ಬದಲಾಯಿಸಿ. ಈ ಹಾಳೆ ತಯಾರಿಸುವುದು ನಿಮ್ಮ ಮೊದಲ ಕೆಲಸ.

ಗಿರಾಕಿಯ ಒಂದು ದಿನವನ್ನು ನೋಡಿ

ಸರ್ವೇ ಫಾರಂ ಆಮೇಲೆ. ಮೊದಲು ನಿಮ್ಮ ವಸ್ತು ಬಳಕೆಯಾಗುವ ಹೊತ್ತು, ಜಾಗ, ಕೈ ಇವನ್ನು ನೋಡಬೇಕು. ಕಾರ್ನ್‌ಫ್ಲೇಕ್ಸ್ ಮಾರುವ ಅಮೆರಿಕದ ಕೆಲಾಗ್ಸ್ 1994ರಲ್ಲಿ ಭಾರತಕ್ಕೆ ಬಂದಾಗ ಏನಾಯ್ತು ಅನ್ನುವುದನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಗಳಲ್ಲಿ ಹಾಲು ಕಾಯಿಸಿಯೇ ಕುಡಿಯುವುದು, ಬಿಸಿಯಾಗಿಯೇ ಕೊಡುವುದು. ತಣ್ಣನೆ ಹಾಲಿಗೆ ಅಂತ ಮಾಡಿದ ಫ್ಲೇಕ್ಸ್ ಬಿಸಿ ಹಾಲಿಗೆ ಬಿದ್ದರೆ ಮೆತ್ತಗಾಗಿ ಹೋಗುತ್ತದೆ. ಮೇಲಾಗಿ ಬೆಳಿಗ್ಗೆ ಖಾರ ಇರಬೇಕು, ಬಿಸಿ ಇರಬೇಕು. ದೋಸೆ, ಉಪ್ಪಿಟ್ಟು ಬಿಟ್ಟು ಡಬ್ಬದಿಂದ ತೆಗೆದು ತಿನ್ನುವುದಕ್ಕೆ ಒಂದು ಕಾರಣ ಬೇಕಲ್ವಾ? ಮುಂದೆ ಮಕ್ಕಳಿಗೆ ಅಂತ ಚಾಕೊಲೇಟ್ ರುಚಿಯ ಚೋಕೋಸ್ ಬಂದಮೇಲೆ, ಚಿಕ್ಕ ಪ್ಯಾಕೆಟ್‌ಗಳು ಬಂದಮೇಲೆ ಅವರಿಗೆ ದಾರಿ ಸಿಕ್ಕಿತು. ಒಂದು ವಾರ ನಮ್ಮ ಊರಿನ ಯಾವುದಾದರೂ ಅಡುಗೆಮನೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಿಂತಿದ್ದರೆ ಹಾಲಿನ ವಿಷಯ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮೆಕ್‌ಡೊನಾಲ್ಡ್ಸ್ ಮಾತ್ರ 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆಗೆಯುವಾಗಲೇ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟಿತು. ಸಸ್ಯಾಹಾರಕ್ಕೆ ಬೇರೆ ಜಾಗ, ಬೇರೆ ಪಾತ್ರೆ, ಬೇರೆ ಕೆಲಸಗಾರರನ್ನು ಇಟ್ಟಿತು, ಮಯೋನೀಸನ್ನೂ ಮೊಟ್ಟೆ ಇಲ್ಲದೆ ಮಾಡಿಸಿತು. ಮೆನುವಿನಲ್ಲಿ ಎರಡು ವೆಜ್ ಐಟಂ ಸೇರಿಸಿದರೆ ಸಾಕು ಅಂದುಕೊಂಡಿದ್ದರೆ ಆಗುತ್ತಿರಲಿಲ್ಲ. ಮಡಿ-ಮೈಲಿಗೆ ಇರುವುದು ಅಡುಗೆಮನೆಯಲ್ಲಿ, ಸೌಟಿನಲ್ಲಿ ಅನ್ನುವುದನ್ನು ಅವರು ಹಿಡಿದರು.

ಇಲ್ಲಿ ಒಂದು ಎಚ್ಚರಿಕೆ. ಜನ ಹೀಗೆ ಯಾಕೆ ಮಾಡುತ್ತಾರೆ ಅಂತ ಕೇಳಿದಾಗ "ಅವರ ಸಂಸ್ಕೃತಿ ಹಾಗೆ" ಅಂತ ಬರೆದುಕೊಂಡು ನಿಲ್ಲಿಸಬೇಡಿ. ಅಮೆರಿಕದ ಹೋಮ್ ಡಿಪೋ ಕಂಪನಿ ಮನೆ ರಿಪೇರಿ ಸಾಮಾನು ಮಾರಲು 2006ರಲ್ಲಿ ಚೀನಾಕ್ಕೆ ಹೋಗಿ, 2012ರಲ್ಲಿ ಉಳಿದಿದ್ದ ಏಳು ದೊಡ್ಡ ಅಂಗಡಿಗಳನ್ನೂ ಮುಚ್ಚಿತು. ಚೀನಾದವರಿಗೆ ತಾವೇ ಸ್ಕ್ರೂ ತಿರುಗಿಸುವ ಆಸಕ್ತಿ ಇಲ್ಲ ಅಂದರು. ಆಸಕ್ತಿಯ ಪ್ರಶ್ನೆಯೇ ಅಲ್ಲ ಅದು. ಕೂಲಿ ಕಡಿಮೆ ಇರುವ ಕಡೆ ಕೆಲಸದವರನ್ನು ಕರೆಸುವುದೇ ಲಾಭ. ನಮ್ಮಲ್ಲೂ ಹಾಗೇ ಅಲ್ವಾ? ಗಿರಾಕಿಯೇ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಸ್ವೀಡನ್ ಮೂಲದ ಐಕಿಯಾ 2018ರಲ್ಲಿ ಹೈದರಾಬಾದಿಗೆ, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೆ ಬಂದಾಗ ಇದನ್ನು ತಿಳಿದುಕೊಂಡೇ ಬಂತು. ಅಂಗಡಿ ತೆಗೆಯುವ ಮೊದಲು ಅವರ ಜನ ಸಾವಿರದಷ್ಟು ಮನೆಗಳಿಗೆ ಹೋಗಿ ನೋಡಿದ್ದರು. ಜೋಡಿಸಿಕೊಡುವವರನ್ನೂ ಕಳಿಸುತ್ತೇವೆ ಅಂದರು. ಊಟದ ಹಾಲ್‌ನಲ್ಲಿ ಬಿರಿಯಾನಿ, ಸಮೋಸ ಇಟ್ಟರು. ಮುಂದೆ ಇಲ್ಲಿ ಕೂಲಿ ಏರಿದಾಗ ಅಭ್ಯಾಸವೂ ಬದಲಾಗುತ್ತದೆ, ಆಗ ಲೆಕ್ಕ ಮತ್ತೆ ಹಾಕಬೇಕು. ಅಭ್ಯಾಸದ ಹಿಂದಿನ ಕಾರಣ ಬರೆದುಕೊಂಡಿದ್ದರೆ ಮಾತ್ರ ಆ ಬದಲಾವಣೆ ನಿಮ್ಮ ಕಣ್ಣಿಗೆ ಬೀಳುತ್ತದೆ.

ದುಡ್ಡು ಕೊಡುವ ಮೊದಲು ಏನನ್ನು ನಂಬುತ್ತಾರೆ?

ಇದನ್ನು ತುಂಬಾ ಜನ ಕೇಳುವುದೇ ಇಲ್ಲ. ಜನ ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು ವಸ್ತು ಮಾರುವ ಅಮೆರಿಕದ ಸೈಟ್ ಇಬೇ 2003ರಲ್ಲಿ ಚೀನಾದ ಅಂಥದ್ದೇ ಸೈಟ್ ಈಚ್‌ನೆಟ್ ಅನ್ನು ಪೂರ್ತಿ ಕೊಂಡಿತು. ಅದೇ ವರ್ಷ ಚೀನಾದ ಅಲಿಬಾಬಾ ಕಂಪನಿ ಟಾವೋಬಾವೋ ಅನ್ನುವ ಸೈಟ್ ಶುರು ಮಾಡಿತು. ಟಾವೋಬಾವೋದಲ್ಲಿ ಕೊಳ್ಳುವವನು ಮಾರುವವನ ಜೊತೆ ನೇರ ಚಾಟ್ ಮಾಡಬಹುದಿತ್ತು, ಚೌಕಾಸಿ ಮಾಡಬಹುದಿತ್ತು, ಕೊಟ್ಟ ದುಡ್ಡು ವಸ್ತು ಕೈಗೆ ಬರುವ ತನಕ ಅಲಿಬಾಬಾದ್ದೇ ಪಾವತಿ ಸೇವೆ ಅಲಿಪೇ ಬಳಿ ಇರುತ್ತಿತ್ತು. ಮಾರುವವರಿಗೆ ಶುಲ್ಕವೂ ಇರಲಿಲ್ಲ. ಕಂಡುಕೇಳರಿಯದವನಿಗೆ ಮೊದಲೇ ದುಡ್ಡು ಕಳಿಸು ಅಂದರೆ ಯಾರು ಕಳಿಸುತ್ತಾರೆ? 2006ರ ಕೊನೆಗೆ ಇಬೇ ತನ್ನ ಚೀನಾ ಸೈಟನ್ನು ಅಲ್ಲಿನ ಒಂದು ಕಂಪನಿಯ ಜೊತೆಗಿನ ಪಾಲುದಾರಿಕೆಗೆ ಒಪ್ಪಿಸಿ ಹಿಂದೆ ಸರಿಯಿತು.

ಬೆಂಗಳೂರಿನಲ್ಲೇ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದದ್ದು ಇದೇ ಕಾರಣಕ್ಕೆ. ವಸ್ತು ಕೈಗೆ ಬರಲಿ, ಆಮೇಲೆ ದುಡ್ಡು. ಜರ್ಮನಿಗೆ ಹೋದರೆ ನಂಬಿಕೆಯ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. 2010ರಲ್ಲಿ ಬೀದಿ, ಮನೆಗಳ ಫೋಟೋವನ್ನು ಮ್ಯಾಪ್‌ನಲ್ಲಿ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಬಂದಾಗ 2,40,000ಕ್ಕೂ ಹೆಚ್ಚು ಮನೆಯವರು ತಮ್ಮ ಮನೆಯ ಚಿತ್ರವನ್ನು ಮಸುಕು ಮಾಡಿ ಅಂತ ಅರ್ಜಿ ಹಾಕಿದ್ದರು. ಅಂಥ ಕಡೆ ನಿಮ್ಮ ಆ್ಯಪ್ ಮೊದಲ ಪುಟದಲ್ಲೇ ಫೋನ್ ನಂಬರ್, ಹುಟ್ಟಿದ ದಿನ, ಲೊಕೇಶನ್ ಎಲ್ಲ ಕೇಳಿದರೆ ಗಿರಾಕಿ ಅಲ್ಲಿಂದಲೇ ವಾಪಸ್ ಹೋಗುತ್ತಾನೆ. ನಮಗೆ ನಂಬರ್ ಕೊಡುವುದು ಅಂದರೆ ಏನೂ ಅನ್ನಿಸುವುದಿಲ್ಲ, ಅದಕ್ಕೇ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನೀವು ಕೇಳಬೇಕಾದದ್ದು ಇಷ್ಟು: ಇಲ್ಲಿ ಜನ ಮೋಸ ಹೋದರೆ ಯಾರ ಹತ್ತಿರ ಹೋಗುತ್ತಾರೆ? ಕೋರ್ಟಿಗಾ, ಪರಿಚಯದವರ ಹತ್ತಿರಾನಾ, ಬ್ಯಾಂಕಿಗಾ? ಉತ್ತರ ಎಲ್ಲಿದೆಯೋ ನಿಮ್ಮ ಭರವಸೆಯನ್ನು ಅಲ್ಲಿ ಇಡಿ. ಗಲ್ಫ್‌ನಲ್ಲಿ ಪರಿಚಯದವರು ಹೇಳಿದ ಒಂದು ಮಾತು ನಿಮ್ಮ ಬ್ರೋಷರ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಅಲ್ಲಿ ವರ್ಷಗಟ್ಟಲೆ ದುಡಿದವರಿದ್ದಾರೆ. ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವ ಮೊದಲು ಅವರ ಮನೆಯಲ್ಲಿ ಒಂದು ಕಾಫಿ ಕುಡಿಯಿರಿ.

ಜಾಹೀರಾತು ಬಿಡುವ ಮೊದಲು

2018ರ ನವೆಂಬರ್‌ನಲ್ಲಿ ಇಟಲಿಯ ಫ್ಯಾಶನ್ ಬ್ರಾಂಡ್ ಡೋಲ್ಚೆ ಅಂಡ್ ಗಬ್ಬಾನ ತನ್ನ ಶಾಂಘೈ ಫ್ಯಾಶನ್ ಶೋಗೆ ಅಂತ ವಿಡಿಯೋ ಬಿಟ್ಟಿತು. ಚೀನೀ ಮಾಡೆಲ್ ಒಬ್ಬಳು ಚಾಪ್‌ಸ್ಟಿಕ್ ಹಿಡಿದು ಪಿಜ್ಜಾ ತಿನ್ನಲು ಒದ್ದಾಡುವುದು. ಚೀನಾದಲ್ಲಿ ಅದನ್ನು ಅವಮಾನ ಅಂತಲೇ ತೆಗೆದುಕೊಂಡರು. ಶೋ ರದ್ದಾಯಿತು, ಅಲ್ಲಿನ ಆನ್‌ಲೈನ್ ಅಂಗಡಿಗಳು ಆ ಬ್ರಾಂಡಿನ ವಸ್ತುಗಳನ್ನೇ ತೆಗೆದುಹಾಕಿದವು.

ಲೋಕಲ್ ಆಫೀಸಿನವರಿಗೆ ತೋರಿಸಿದರೆ ಸಾಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸಾಲದು. ಹೆಡ್ ಆಫೀಸಿನಿಂದ ಬಂದದ್ದನ್ನು "ಇದು ಸರಿ ಇಲ್ಲ" ಅನ್ನುವ ಧೈರ್ಯ ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹುಡುಗನಿಗೆ ಎಲ್ಲಿಂದ ಬರಬೇಕು? ನಿಮ್ಮ ಸಂಬಳ ಪಡೆಯದ, ನಿಮ್ಮಿಂದ ಏನೂ ಆಗಬೇಕಿಲ್ಲದ ಐದಾರು ಜನಕ್ಕೆ ತೋರಿಸಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಾರೆ. "ಇದನ್ನು ನೋಡಿ ನಿಮ್ಮ ಅಜ್ಜಿ ಏನಂತಾರೆ? ಇದನ್ನು ನೋಡಿ ಯಾರಿಗೆ ಸಿಟ್ಟು ಬರಬಹುದು?" ಅಂತ ಕೇಳಿ. ತನ್ನ ಅಭಿಪ್ರಾಯ ಹೇಳಲು ಹಿಂಜರಿಯುವವರೂ ಬೇರೆಯವರ ಸಿಟ್ಟಿನ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ.

ಟೀಮ್ ನಡೆಸುವವರಿಗೆ

ಬೆಂಗಳೂರಿನಲ್ಲಿ ದಿನಾ ನಡೆಯುವಂಥ ಒಂದು ಕಾಲ್ ನೋಡೋಣ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾನೇಜರ್ ಕೇಳುತ್ತಾರೆ, ಶುಕ್ರವಾರಕ್ಕೆ ಈ ಮಾಡ್ಯೂಲ್ ಮುಗಿಯುತ್ತಾ? ನಮ್ಮ ಹುಡುಗ ಒಂದು ಕ್ಷಣ ಸುಮ್ಮನಾಗಿ, "ಯೆಸ್, ವಿ ವಿಲ್ ಟ್ರೈ" ಅನ್ನುತ್ತಾನೆ. ಅವನ ಲೆಕ್ಕದಲ್ಲಿ ಅವನು ಕಷ್ಟ ಇದೆ ಅಂತ ಹೇಳಿ ಆಯಿತು. ಸುಮ್ಮನಾದದ್ದು, ದನಿ ಇಳಿಸಿದ್ದು, ಟ್ರೈ ಅಂದದ್ದು, ಎಲ್ಲದರಲ್ಲೂ ಅದೇ ಇದೆ. ಪಕ್ಕದಲ್ಲಿ ಕೂತ ಕನ್ನಡದವರಿಗೆ, ತಮಿಳಿನವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸ್ಟುಟ್‌ಗಾರ್ಟ್‌ನವರಿಗೆ ಕೇಳಿಸಿದ್ದು ಯೆಸ್ ಒಂದೇ. ಶುಕ್ರವಾರ ಕೆಲಸ ಮುಗಿದಿರುವುದಿಲ್ಲ. ಅವರು ಇವನನ್ನು ಸುಳ್ಳ ಅಂದುಕೊಳ್ಳುತ್ತಾರೆ, ಇವನು ಅವರನ್ನು ಮನುಷ್ಯತ್ವ ಇಲ್ಲದವರು ಅಂದುಕೊಳ್ಳುತ್ತಾನೆ. ಇಬ್ಬರೂ ಹಾಗಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲೇ ಈ ವ್ಯತ್ಯಾಸವನ್ನು ವಿವರಿಸಿದ್ದರು. ಕೆಲವು ಕಡೆ ಅರ್ಥವೆಲ್ಲ ಮಾತಿನಲ್ಲೇ ಇರುತ್ತದೆ, ಕೆಲವು ಕಡೆ ಅರ್ಧ ಅರ್ಥ ಸಂದರ್ಭದಲ್ಲಿ, ಸಂಬಂಧದಲ್ಲಿ ಇರುತ್ತದೆ. ಜರ್ಮನಿ ಮೊದಲನೆಯ ಕಡೆಗೆ, ಜಪಾನ್ ಎರಡನೆಯ ಕಡೆಗೆ. ನಾವೂ ಹೆಚ್ಚಾಗಿ ಎರಡನೆಯ ಕಡೆಗೇ. ಮನೆಗೆ ಬಂದವರಿಗೆ ಆಗಲ್ಲ ಅಂತ ಕಡ್ಡಿ ಮುರಿದಂತೆ ಹೇಳುವುದು ನಮಗೆ ಕಷ್ಟ.

ಹಾಗಾದರೆ ಏನು ಮಾಡಬೇಕು? ಜರ್ಮನಿಯವರ ಜೊತೆ ಈ ಮೂರನ್ನು ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ಮಾಡಿಸಿ: ಶುಕ್ರವಾರಕ್ಕೆ ಆಗುವುದಿಲ್ಲ, ಬುಧವಾರ ಕೊಡುತ್ತೇನೆ, ಟೆಸ್ಟ್ ಡೇಟಾ ತಡವಾಗಿ ಬಂತು ಅದಕ್ಕೆ. ಇದನ್ನು ಅವರು ಸೊಕ್ಕು ಅಂದುಕೊಳ್ಳುವುದಿಲ್ಲ, ನೆಮ್ಮದಿಯಿಂದ ತಮ್ಮ ಪ್ಲಾನ್ ತಿದ್ದಿಕೊಳ್ಳುತ್ತಾರೆ. ಹಾಗೇ ಅವರು ನಿಮ್ಮ ಕೋಡಿನಲ್ಲಿ ಹನ್ನೆರಡು ತಪ್ಪು ಹುಡುಕಿ ಪಟ್ಟಿ ಕಳಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬೈದದ್ದು ಕೋಡಿಗೆ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿ ಒಂದು ಗಾದೆಯೇ ಇದೆ, ಬೈಯದಿದ್ದರೆ ಹೊಗಳಿದ ಹಾಗೇ ಲೆಕ್ಕ ಅಂತ. ಆರು ತಿಂಗಳು ಒಂದು ಒಳ್ಳೆ ಮಾತೂ ಬರಲಿಲ್ಲ ಅಂತ ಕೊರಗುವ ನಮ್ಮ ಹುಡುಗರಿಗೆ ಇದನ್ನು ಮೊದಲೇ ಹೇಳಿಡಿ. ಅಮೆರಿಕದವರದ್ದು ಉಲ್ಟಾ. ಗ್ರೇಟ್, ಆಸಮ್ ಎಲ್ಲ ಧಾರಾಳವಾಗಿ ಬರುತ್ತದೆ. ಕೊನೆಗೆ ಮೆಲ್ಲಗೆ "ಇದನ್ನೊಂದು ಸಲ ಯೋಚಿಸಬಹುದೇನೋ" ಅಂದರಲ್ಲ, ಇಡೀ ಕಾಲ್‌ನ ಸಾರ ಅದೇ ಒಂದು ವಾಕ್ಯ. ಅದನ್ನು ಬರೆದುಕೊಳ್ಳಿ.

ಜಪಾನಿನವರ ಜೊತೆ ಕೆಲಸ ಮಾಡುವವರು ಮೀಟಿಂಗನ್ನೇ ಬೇರೆ ಥರ ನೋಡಬೇಕು. ಅಲ್ಲಿ ಮೀಟಿಂಗಿನಲ್ಲಿ ತೀರ್ಮಾನ ಹುಟ್ಟುವುದು ಕಡಿಮೆ. ಅದಕ್ಕೂ ಮೊದಲೇ ಒಬ್ಬೊಬ್ಬರನ್ನೇ ಕಂಡು ಮಾತಾಡಿ ಒಪ್ಪಿಸುವ ಪದ್ಧತಿ ಇದೆ, ನೆಮಾವಾಶಿ ಅನ್ನುತ್ತಾರೆ. ಆಮೇಲೆ ಪ್ರಸ್ತಾವ ಕೆಳಗಿನಿಂದ ಮೇಲಿನ ತನಕ ಒಬ್ಬೊಬ್ಬರ ಮುದ್ರೆ ಹಾಕಿಸಿಕೊಂಡು ಹೋಗುತ್ತದೆ. ಎಲ್ಲರೂ ಸೇರಿದಾಗ ಆಗುವುದು ಒಪ್ಪಿಗೆಯ ಶಾಸ್ತ್ರ. ಅಂಥ ಸಭೆಯಲ್ಲಿ ನೀವು ಹೊಸ ಐಡಿಯಾ ತೆಗೆದು ಎಲ್ಲರನ್ನೂ ಚಕಿತಗೊಳಿಸಲು ಹೋದರೆ ಹಿರಿಯರು ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು "ಸ್ವಲ್ಪ ಕಷ್ಟ" ಅನ್ನುತ್ತಾರೆ. ಅದು ಬಹುಪಾಲು ಆಗಲ್ಲ ಅಂತಲೇ. ಸ್ಲೈಡ್‌ಗಳನ್ನು ನಾಲ್ಕು ದಿನ ಮೊದಲೇ ಕಳಿಸಿ. ಅವರ ಟೀಮಿನ ಕಿರಿಯ ಎಂಜಿನಿಯರ್ ಜೊತೆ ಬೇರೆಯಾಗಿ ಮಾತಾಡಿ, ಯಾರಿಗೆ ಯಾವ ಅನುಮಾನ ಇದೆ ತಿಳಿದುಕೊಳ್ಳಿ. ತೀರ್ಮಾನಕ್ಕೆ ಎರಡು ತಿಂಗಳು ಹಿಡಿದರೂ ಗಾಬರಿ ಬೇಡ, ಒಮ್ಮೆ ಹೂಂ ಅಂದಮೇಲೆ ಎಲ್ಲ ಡಿಪಾರ್ಟ್‌ಮೆಂಟೂ ಒಟ್ಟಿಗೆ ಓಡುತ್ತದೆ. ಕೆಟ್ಟ ಸುದ್ದಿ ಇದ್ದರೆ ಅದೇ ದಿನ ಹೇಳಿ. ಸಮಸ್ಯೆಯನ್ನು ನಾವೇ ಬಗೆಹರಿಸಿ ಆಮೇಲೆ ಹೇಳೋಣ ಅಂತ ಒಳ್ಳೆ ಮನಸ್ಸಿನಿಂದ ಬಚ್ಚಿಟ್ಟದ್ದು ಅಲ್ಲಿ ದೊಡ್ಡ ದ್ರೋಹವಾಗಿ ಕಾಣುತ್ತದೆ.

ಇನ್ನು ಹೊರಗಿನಿಂದ ಬಂದು ನಮ್ಮ ಟೀಮ್ ನಡೆಸುವವರಿಗೂ ಒಂದು ಮಾತು, ನಿಮ್ಮ ಹೊರದೇಶದ ಬಾಸ್‌ಗೆ ಹೇಳಿ. "ಎನಿ ಡೌಟ್ಸ್?" ಅಂತ ಕೇಳಿದರೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮೇಷ್ಟ್ರು ಕೇಳಿದಾಗ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ಶಾಲೆಯಿಂದಲೇ ಬಿಟ್ಟವರು ನಾವು. "ನಾಳೆ, ನಾಡಿದ್ದು ಮೊದಲು ಏನು ಮಾಡ್ತೀರಿ, ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು?" ಅಂತ ಒಬ್ಬೊಬ್ಬರನ್ನೇ ಕೇಳಿದರೆ ಅರ್ಥವಾಗದ್ದೆಲ್ಲ ತಾನೇ ಹೊರಬರುತ್ತದೆ.

ಅಂಕಿಗಳನ್ನು ಎಷ್ಟು ನಂಬಬೇಕು?

ಈ ವಿಷಯ ಓದಲು ಹೊರಟವರಿಗೆ ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಹೆಸರು ಸಿಕ್ಕೇ ಸಿಗುತ್ತದೆ. ಅವರು ಐಬಿಎಂ ನೌಕರರಿಂದ 1967ರಿಂದ 1973ರ ನಡುವೆ ತುಂಬಿಸಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಇಟ್ಟುಕೊಂಡು 1980ರಲ್ಲಿ ದೇಶಗಳಿಗೆ ಅಂಕ ಕೊಟ್ಟರು. ಮೇಲಿನವರು-ಕೆಳಗಿನವರು ಅನ್ನುವ ಅಂತರವನ್ನು ಜನ ಎಷ್ಟು ಒಪ್ಪಿಕೊಳ್ಳುತ್ತಾರೆ ಅನ್ನುವುದರಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಮುಂದೇನಾಗುತ್ತದೋ ಅನ್ನುವ ಅನಿಶ್ಚಿತತೆಯನ್ನು ತಪ್ಪಿಸುವ ಹಂಬಲದಲ್ಲಿ ಜಪಾನಿಗೆ 92, ನಮಗೆ 40. ಇದರಿಂದ ಒಂದು ಉಪಯೋಗ ಖಂಡಿತ ಇದೆ. 92ಕ್ಕೂ 40ಕ್ಕೂ ಇರುವ ದೂರ ನೋಡಿದರೆ ಜಪಾನಿನ ಕ್ಲೈಂಟ್ ಒಂದು ಸಣ್ಣ ಬಗ್‌ಗೂ ಮೂಲ ಕಾರಣದ ವರದಿ ಯಾಕೆ ಕೇಳುತ್ತಾರೆ, ನಮಗದು ಯಾಕೆ ಕಿರಿಕಿರಿ ಅನ್ನಿಸುತ್ತದೆ ಅಂತ ಯೋಚಿಸಲು ಒಂದು ದಾರಿ ಸಿಗುತ್ತದೆ.

ಆದರೆ ಅದು ಒಂದೇ ಕಂಪನಿಯ ನೌಕರರ ಉತ್ತರ. ದೇಶದ ಸರಾಸರಿ. ಈ ಅಂಕ ದೇಶಗಳನ್ನು ಹೋಲಿಸಲು, ವ್ಯಕ್ತಿಗಳನ್ನು ಅಳೆಯಲು ಅಲ್ಲ ಅಂತ ಹಾಫ್‌ಸ್ಟೆಡ್ ಅವರೇ ಹೇಳಿದ್ದರು. ಇಡೀ ದೇಶಕ್ಕೆ ಒಂದೇ ಸಂಸ್ಕೃತಿ ಅಂತ ಹೇಗೆ ಹೇಳುತ್ತೀರಿ ಅಂತ 2002ರಲ್ಲಿ ಬ್ರೆಂಡನ್ ಮ್ಯಾಕ್‌ಸ್ವೀನಿ ಅನ್ನುವ ಸಂಶೋಧಕ ಗಟ್ಟಿಯಾಗಿ ಪ್ರಶ್ನಿಸಿದರು. ಬೀದರಿನ ಅಂಗಡಿಯವರನ್ನೂ ಮಂಗಳೂರಿನ ಅಂಗಡಿಯವರನ್ನೂ ನೋಡಿದ ನಮಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಆಮೇಲೆ ಬಂದ ಗ್ಲೋಬ್ ಅಧ್ಯಯನ 62 ಸಮಾಜಗಳ ಸುಮಾರು 17,000 ಮ್ಯಾನೇಜರ್‌ಗಳನ್ನು ಕೇಳಿತು, ಅದಕ್ಕೂ ಇದೇ ಮಾತು ಸಲ್ಲುತ್ತದೆ. ನನ್ನ ಸಲಹೆ: ಅಂಕ ನೋಡಿ ಪ್ರಶ್ನೆ ಬರೆದುಕೊಳ್ಳಿ, ಉತ್ತರವನ್ನು ಎದುರಿಗಿರುವ ಮನುಷ್ಯನಿಂದ ಪಡೆಯಿರಿ. "ನಿಮ್ಮಲ್ಲಿ ಬೆಲೆ ಬದಲಾವಣೆಗೆ ಯಾರ ಸಹಿ ಬೇಕು? ಏನಾದರೂ ತಡವಾದರೆ ಎಷ್ಟು ದಿನ ಮೊದಲು ತಿಳಿಸಬೇಕು? ತಪ್ಪು ಕಂಡರೆ ಎಲ್ಲರ ಮುಂದೆ ಹೇಳಲಾ, ಬೇರೆಯಾಗಿ ಮೆಸೇಜ್ ಮಾಡಲಾ?" ಮೊದಲ ವಾರದಲ್ಲೇ ನೇರವಾಗಿ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟಬೇಡಿ

2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಗಿ ಗಾಜು ಪುಡಿಯಾದದ್ದು ನೆನಪಿರಬಹುದು. ತೈವಾನಿನವರ ಶಿಸ್ತಿಗೂ ನಮ್ಮ ಹುಡುಗರಿಗೂ ಹೊಂದಲಿಲ್ಲ ಅಂತ ಇದನ್ನು ವಿವರಿಸುವುದು ಸುಲಭ. ಆದರೆ ಮೂಲ ವಿಷಯ ಸಂಬಳದ್ದು. ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ ಅನ್ನುವುದು ಕಾರ್ಮಿಕರ ದೂರಾಗಿತ್ತು. ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲ ಅಂತ ಕಂಪನಿಯೂ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ವಿಸ್ಟ್ರಾನ್ ಅನ್ನು ಪರೀಕ್ಷಾರ್ಥ ನಿಗಾದಲ್ಲಿ ಇಟ್ಟಿತು. ಸಂಬಳ ತಡವಾದರೆ ತೈಪೆಯಲ್ಲೂ ಸಿಟ್ಟು ಬರುತ್ತದೆ, ಕೋಲಾರದಲ್ಲೂ ಬರುತ್ತದೆ. ಯಾವುದೇ ಜಗಳಕ್ಕೆ ಸಂಸ್ಕೃತಿ ಕಾರಣ ಅಂತ ಬರೆಯುವ ಮೊದಲು ಸಂಬಳ, ಕೆಲಸದ ಗಂಟೆ, ಕ್ಯಾಂಟೀನ್, ಬಸ್, ಶೌಚಾಲಯ ಇಷ್ಟನ್ನು ಸ್ವತಃ ಹೋಗಿ ನೋಡಿ. ಇದು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ, ಯಾಕೆಂದರೆ ಅನ್ಯಾಯವನ್ನು ಮುಚ್ಚಿಡಲು ಸಂಸ್ಕೃತಿಯಷ್ಟು ಅನುಕೂಲದ ನೆಪ ಇನ್ನೊಂದಿಲ್ಲ.

ಕ್ಯಾಲೆಂಡರ್

ಇದು ಚಿಕ್ಕದು, ಆದರೆ ದುಡ್ಡು ಉಳಿಸುತ್ತದೆ. ಯುಎಇಯಲ್ಲಿ 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ-ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಸೌದಿಯಲ್ಲಿ 2013ರಿಂದ ಶುಕ್ರವಾರ-ಶನಿವಾರ ರಜೆ. ಎರಡೂ ಗಲ್ಫ್ ಅಂತ ಒಂದೇ ಶೆಡ್ಯೂಲ್ ಹಾಕಬೇಡಿ. ರಂಜಾನ್ ತಿಂಗಳಲ್ಲಿ ಕೆಲಸದ ಗಂಟೆ ಕಡಿಮೆ, ಮಧ್ಯಾಹ್ನದ ಮೇಲೆ ಮೀಟಿಂಗ್ ಇಡಬೇಡಿ. ಚೀನಾದ ಹೊಸ ವರ್ಷಕ್ಕೆ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ, ಸಾಮಾನು ಬೇಕಿದ್ದರೆ ಡಿಸೆಂಬರ್‌ನಲ್ಲೇ ಆರ್ಡರ್ ಹೋಗಿರಬೇಕು. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ 5ರ ತನಕ ಸಾಲು ಸಾಲು ರಜೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ಇಟಲಿಯಲ್ಲಿ ಆಗಸ್ಟ್ 15ರ ಹಿಂದೆ ಮುಂದೆ ಆಫೀಸುಗಳು ಅರ್ಧ ಖಾಲಿ. ಚಿಕ್ಕಮಗಳೂರಿನಿಂದ ಕಳಿಸಿದ ಸ್ಯಾಂಪಲ್ ಆ ಹೊತ್ತಿಗೆ ತಲುಪಿದರೆ ಸೆಪ್ಟೆಂಬರ್ ತನಕ ಉತ್ತರ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಹಾಗೇ ನಮ್ಮ ರಜೆ ಪಟ್ಟಿಯನ್ನೂ ಜನವರಿಯಲ್ಲೇ ಅವರಿಗೆ ಕಳಿಸಿ. ಯುಗಾದಿ, ಗಣೇಶ ಚೌತಿ, ದಸರಾ, ದೀಪಾವಳಿ, ನವೆಂಬರ್ 1ರ ರಾಜ್ಯೋತ್ಸವ. ಅಷ್ಟೇ ಅಲ್ಲ, ದೀಪಾವಳಿ ವಾರದಲ್ಲಿ ಅರ್ಧ ಟೀಮ್ ಊರಿಗೆ ಹೋಗಿರುತ್ತದೆ ಅನ್ನುವುದನ್ನೂ ಬರೆದು ಕಳಿಸಿ. ರಜೆ ಪಟ್ಟಿಯಲ್ಲಿ ಎರಡು ದಿನ ಅಂತ ಇರುತ್ತದೆ, ಬಸ್ ಟಿಕೆಟ್ ಬುಕ್ ಮಾಡುವಾಗ ಅದು ಐದು ದಿನ ಆಗಿರುತ್ತದೆ, ಸ್ಟುಟ್‌ಗಾರ್ಟ್‌ನಲ್ಲಿ ಕೂತವರಿಗೆ ಅದು ನೀವು ಹೇಳದೆ ಗೊತ್ತಾಗುವುದಿಲ್ಲ.